ಹೊಸ್ತಿಲ ಹತ್ತಿರ ನಿಂತ ಕಾಲು: ಪಾವ್ಲೋವನ ನಾಯಿ, ಮೈಸೂರಿನ ಶಾಲೆ, ಮಹಾಡದ ಕೆರೆ

ಸ್ವಲ್ಪ ಉದ್ದದ ಪೋಸ್ಟು, ಬಿಡುವು ಮಾಡ್ಕೊಂಡು ಓದಿ.

ನಮ್ಮಕ್ಕನ ಮಗಳು ಬಿ.ಇಡಿ ಮಾಡ್ತಿದ್ದಾಳೆ. ಪರೀಕ್ಷೆ ಹತ್ತಿರ ಬಂತು ಅಂತ ಸಿದ್ಧಾರ್ಥನಗರದ ನಮ್ಮ ಮನೇಲೇ ಇದ್ದು ಓದ್ತಾ ಇದ್ಲು. ಒಂದು ರಾತ್ರಿ "ಮಾವ, ನೀವು ಪ್ರಶ್ನೆ ಕೇಳಿ, ನಾನು ಹೇಳ್ತೀನಿ" ಅಂತ ಗೈಡ್ ಕೈಗೆ ಕೊಟ್ಲು. ಅಭಿಜಾತ ಅನುಬಂಧನ, ಕ್ರಿಯಾಜನ್ಯ ಅನುಬಂಧನ, ಪುನರ್ಬಲನ. ಎಲ್ಲಾ ನಾಯಿ, ಬೆಕ್ಕು, ಇಲಿ, ಪಾರಿವಾಳದ ಉದಾಹರಣೆ. ಅವಳು ಒಪ್ಪಿಸಿ ಮಲಗಿದಳು. ನನಗೆ ನಿದ್ದೆ ಬರಲಿಲ್ಲ.

ಯಾಕಂದ್ರೆ ಅದೇ ವಾರ ಆಫೀಸಿನ ಸಹೋದ್ಯೋಗಿಯೊಬ್ಬರ ಗೃಹಪ್ರವೇಶಕ್ಕೆ ಹೋಗಿದ್ದೆ. ಒಳ್ಳೇ ಮನುಷ್ಯ. "ಬನ್ನಿ ಸಾರ್, ಒಳಗೆ ಬನ್ನಿ" ಅಂತ ಬಾಗಿಲಲ್ಲೇ ನಿಂತು ಕರೆದರು. ನನ್ನ ಕಾಲು ಏಳಲಿಲ್ಲ. "ಇಲ್ಲೇ ಗಾಳಿ ಚೆನ್ನಾಗಿದೆ" ಅಂತ ಶಾಮಿಯಾನದ ಕೆಳಗೇ ಕೂತುಬಿಟ್ಟೆ. ಇಪ್ಪತ್ತು ವರ್ಷದಿಂದ ವೇದಿಕೆ ಮೇಲೆ ಸ್ವಾಭಿಮಾನದ ಬಗ್ಗೆ ಭಾಷಣ ಮಾಡೋನು ನಾನು. ಅವತ್ತು ನನ್ನನ್ನು ತಡೆದದ್ದು ಯಾರು? ಅಲ್ಲಿ ಯಾರೂ ತಡೆದಿರಲಿಲ್ಲ.

ಆ ಪ್ರಶ್ನೆಗೆ ಉತ್ತರ ಹುಡುಕ್ತಾ ಹೋದಾಗ ಸಿಕ್ಕ ಚರಿತ್ರೆಯನ್ನು ಇಲ್ಲಿ ಬರೀತಿದ್ದೀನಿ.

ರಷ್ಯಾದ ಇವಾನ್ ಪಾವ್ಲೋವ್ ಜೀರ್ಣಕ್ರಿಯೆಯ ವಿಜ್ಞಾನಿ. 1904ರಲ್ಲಿ ನೊಬೆಲ್ ಬಂದದ್ದೂ ಅದಕ್ಕೇ. ನಾಯಿಗಳ ಜೊಲ್ಲನ್ನು ಅಳೆಯುವಾಗ ಒಂದು ವಿಷಯ ಅವನ ಕಣ್ಣಿಗೆ ಬಿತ್ತು. ಊಟ ಬಾಯಿಗೆ ಬೀಳುವ ಮೊದಲೇ, ಊಟ ತರೋನ ಹೆಜ್ಜೆ ಸಪ್ಪಳಕ್ಕೇ ಜೊಲ್ಲು ಸುರಿಯುತ್ತೆ. ಊಟಕ್ಕೂ ಆ ಸಪ್ಪಳಕ್ಕೂ ಹುಟ್ಟಿನಿಂದ ಯಾವ ಸಂಬಂಧವೂ ಇಲ್ಲ. ಮತ್ತೆ ಮತ್ತೆ ಜೊತೆಯಾಗಿ ಬಂದದ್ದರಿಂದ ಮೈ ಅದನ್ನು ಕಲಿತಿತ್ತು. ಇದು ಅಭಿಜಾತ ಅನುಬಂಧನ. ಯೋಚನೆ ಮಾಡಿ ಕಲಿಯೋದಲ್ಲ, ಮೈಯೇ ಕಲಿಯೋದು.

1920ರಲ್ಲಿ ಅಮೆರಿಕದ ವಾಟ್ಸನ್ ಮತ್ತು ರೇನರ್ ಇದನ್ನೇ ಒಂದು ಹಸುಗೂಸಿನ ಮೇಲೆ ಮಾಡಿದರು. ಮಗುವಿಗೆ ಆಲ್ಬರ್ಟ್ ಅಂತ ಹೆಸರಿಟ್ಟರು. ಬಿಳಿ ಇಲಿ ಕಂಡ್ರೆ ಅದಕ್ಕೆ ಭಯ ಇರಲಿಲ್ಲ, ಕೈ ಚಾಚ್ತಿತ್ತು. ಅದು ಇಲಿ ಮುಟ್ಟಿದಾಗಲೆಲ್ಲ ಹಿಂದಿನಿಂದ ಕಬ್ಬಿಣದ ಸರಳಿಗೆ ಸುತ್ತಿಗೆಯಿಂದ ಹೊಡೆದರು. ಕೆಲವೇ ಸಲಕ್ಕೆ ಇಲಿ ಕಂಡರೆ ಮಗು ಅಳೋಕೆ ಶುರು ಮಾಡಿತು. ಆಮೇಲೆ ಮೊಲಕ್ಕೂ ಅತ್ತಿತು, ತುಪ್ಪಳದ ಕೋಟಿಗೂ ಅತ್ತಿತು. ಭಯ ಒಂದರಿಂದ ಇನ್ನೊಂದಕ್ಕೆ ಹಬ್ಬಿತ್ತು. ಆ ಭಯವನ್ನು ತೆಗೆಯದೆಯೇ ಮಗುವನ್ನು ಕಳಿಸಿಬಿಟ್ಟರು.

ಈಗ ನಮ್ಮೂರಿನ ಕಡೆ ನೋಡಿ. ಸವರ್ಣೀಯರ ಮನೆ ಮಗುವೂ ಹುಟ್ಟುವಾಗ ನಮ್ಮನ್ನು ಕಂಡು ಅಸಹ್ಯ ಪಡಲ್ಲ. ಕೇರಿ ಹುಡುಗನ ಜೊತೆ ಗೋಲಿ ಆಡುತ್ತೆ. ಮನೆಗೆ ಹೋದಾಗ ಅಜ್ಜಿ ಕೂಗ್ತಾಳೆ, ತಲೆ ಮೇಲೆ ನೀರು ಸುರೀತಾಳೆ, ಬಟ್ಟೆ ಬಿಚ್ಚಿಸ್ತಾಳೆ. ಆ ಕೂಗೇ ಕಬ್ಬಿಣದ ಸರಳಿನ ಸದ್ದು. ಹತ್ತು ಸಲ ಆದ ಮೇಲೆ ಯಾರೂ ಕೂಗೋದು ಬೇಡ. ನಂತರ ಅದು ಮನುಷ್ಯನಿಂದ ಅವನ ಲೋಟಕ್ಕೆ, ಅವನ ಊಟಕ್ಕೆ, ಅವನ ಬೀದಿಗೆ ಹಬ್ಬುತ್ತೆ. ಆ ಮಗು ದೊಡ್ಡದಾಗಿ ಡಿಗ್ರಿ ಮಾಡಿ "ನಾನು ಜಾತಿ ನಂಬಲ್ಲ" ಅಂತ ಹೇಳುತ್ತೆ, ಅದು ಸುಳ್ಳೂ ಅಲ್ಲ. ಆದ್ರೆ ನಾವು ಲೋಟ ಕೊಟ್ಟಾಗ ಕೈ ಹಿಂದಕ್ಕೆ ಹೋಗುತ್ತೆ. ತಲೆ ಮರೆತದ್ದನ್ನು ಮೈ ಮರೆತಿರಲ್ಲ.

ಎರಡನೇದು ಕ್ರಿಯಾಜನ್ಯ ಅನುಬಂಧನ. 1898ರಲ್ಲಿ ಥಾರ್ನ್‌ಡೈಕ್ ಬೆಕ್ಕನ್ನು ಪೆಟ್ಟಿಗೇಲಿ ಕೂಡಿಹಾಕಿ ನೋಡಿದ. ಯಾವ ಕೆಲಸಕ್ಕೆ ಒಳ್ಳೇ ಫಲ ಸಿಗುತ್ತೋ ಅದನ್ನು ಬೆಕ್ಕು ಮತ್ತೆ ಮಾಡುತ್ತೆ, ಫಲ ಸಿಗದ್ದನ್ನು ಬಿಡುತ್ತೆ. ಸ್ಕಿನ್ನರ್ 1930ರ ದಶಕದಿಂದ ಇಲಿ, ಪಾರಿವಾಳಗಳ ಮೇಲೆ ಇದನ್ನೇ ಬೆಳೆಸಿದ. ಕಾಳು ಯಾರ ಕೈಲಿದೆಯೋ ನಡತೆ ಅವರ ಕೈಲಿ.

ಹಳೇ ಮೈಸೂರು ಸೀಮೆಯಲ್ಲಿ ಆ ಕಾಳಿಗೆ ಒಂದು ಹೆಸರಿತ್ತು: ಆಯ. ನಮ್ಮ ತಾತ ತೋಟಿ. ಊರ ಚಾಕರಿ, ಸಾವಿನ ಸುದ್ದಿ ಸಾರೋದು, ಸತ್ತ ದನ ಎಳೆಯೋದು, ತಮಟೆ ಬಡಿಯೋದು. ಇದಕ್ಕೆಲ್ಲ ತಿಂಗಳ ಸಂಬಳ ಇಲ್ಲ. ಸುಗ್ಗೀಲಿ ಕಣದ ಅಂಚಲ್ಲಿ ನಿಂತರೆ ಧಣಿ ಮೊರದಲ್ಲಿ ಹಾಕಿದಷ್ಟು. "ಅಡ್ಡಬಿದ್ದೆ ಬುದ್ಧಿ" ಅಂದ್ರೆ ಇನ್ನೊಂದು ಬೊಗಸೆ ಹೆಚ್ಚು. ತಲೆ ಎತ್ತಿದರೆ ಆ ವರ್ಷ ಮನೇಲಿ ಉಪವಾಸ. ಕಾಳು ಒಂದು ಕೈಲಿ, ಬಹಿಷ್ಕಾರ ಮತ್ತು ದಂಡ ಇನ್ನೊಂದು ಕೈಲಿ. ಹೀಗೆ ಎಷ್ಟು ತಲೆಮಾರು! ಗ್ರಾಮ ಹುದ್ದೆಗಳನ್ನು ರದ್ದು ಮಾಡುವ ಕಾಯ್ದೆ ಬಂದದ್ದು 1961ರಲ್ಲಿ, ಜಾರಿಯಾದದ್ದು 1963ರಲ್ಲಿ. ಸ್ಕಿನ್ನರ್ ಪೆಟ್ಟಿಗೆ ಕಟ್ಟುವ ಎಷ್ಟೋ ಶತಮಾನ ಮೊದಲೇ ನಮ್ಮ ಊರುಗಳಲ್ಲಿ ಆ ಪೆಟ್ಟಿಗೆ ಇತ್ತು.

ನಾಯಿ, ಇಲಿಗೆ ನಮ್ಮನ್ನು ಹೋಲಿಸ್ತೀಯಾ ಅಂತ ಯಾರಾದ್ರೂ ಬೈಯೋ ಮೊದಲೇ ಹೇಳ್ತೀನಿ. ಈ ನಿಯಮ ರಾಜನಿಗೂ ಒಂದೇ, ಪುರೋಹಿತನಿಗೂ ಒಂದೇ. ವ್ಯತ್ಯಾಸ ಇರೋದು ಪೆಟ್ಟಿಗೆ ಕಟ್ಟಿದೋರು ಯಾರು, ಒಳಗಿರೋರು ಯಾರು ಅನ್ನೋದ್ರಲ್ಲಿ.

ನಮ್ಮ ಮೈಸೂರಿಗೆ ಬರೋಣ. 1915ರಲ್ಲಿ ಶೃಂಗೇರಿಯ ಸರ್ಕಾರಿ ಶಾಲೆಗೆ ಪಂಚಮ ಮಕ್ಕಳನ್ನು ಸೇರಿಸಿಕೊಂಡಾಗ ದೊಡ್ಡ ವಿರೋಧ ಎದ್ದಿತು. ಆದರೂ ನಾಲ್ವಡಿಯವರ ಸರ್ಕಾರ ಹಿಂದೆ ಸರಿಯಲಿಲ್ಲ. ಸಿ.ಆರ್. ರೆಡ್ಡಿಯವರು ವಿದ್ಯಾ ಇಲಾಖೆಯ ಮುಖ್ಯಸ್ಥರಾಗಿದ್ದಾಗ, 1919ರ ಹೊತ್ತಿಗೆ, ಜಾತಿ ಕಾರಣಕ್ಕೆ ಯಾವ ಮಗುವಿಗೂ ಸರ್ಕಾರಿ ಶಾಲೆಯ ಬಾಗಿಲು ಮುಚ್ಚಬಾರದು ಅನ್ನೋದು ನೀತಿಯಾಯಿತು. ಮೈಸೂರಿನ ಪಂಚಮ ಬೋರ್ಡಿಂಗ್ ಶಾಲೆಯಲ್ಲಿ ತಲಕಾಡು ರಂಗೇಗೌಡರು, ಗೋಪಾಲಸ್ವಾಮಿ ಅಯ್ಯರ್ ಅವರು ನಮ್ಮ ಮಕ್ಕಳಿಗಾಗಿ ಪಟ್ಟ ಪಾಡು ನಮ್ಮ ಹಿರಿಯರ ಬಾಯಲ್ಲಿ ಇವತ್ತಿಗೂ ಇದೆ.

ಇದಾದ ಐದು ವರ್ಷಕ್ಕೆ, 1924ರಲ್ಲಿ, ಇದೇ ಊರಿನ ಮಹಾರಾಜ ಕಾಲೇಜಿನಲ್ಲಿ ಮನಃಶಾಸ್ತ್ರ ವಿಭಾಗ ಶುರುವಾಯಿತು. ದೇಶದಲ್ಲೇ ಮೊದಲ ಕೆಲವು ವಿಭಾಗಗಳಲ್ಲಿ ಇದೂ ಒಂದು. ಲಂಡನ್ನಿನಲ್ಲಿ ಸ್ಪಿಯರ್‌ಮನ್ ಹತ್ತಿರ ಓದಿ ಬಂದ ಎಂ.ವಿ. ಗೋಪಾಲಸ್ವಾಮಿ ಅದರ ಮುಖ್ಯಸ್ಥರು. 1935ರಲ್ಲಿ ಮೈಸೂರಲ್ಲಿ ಆಕಾಶವಾಣಿ ಶುರು ಮಾಡಿದ್ದು ಇದೇ ಗೋಪಾಲಸ್ವಾಮಿಯವರು. ಅವರು ಬುದ್ಧಿಶಕ್ತಿ ಪರೀಕ್ಷೆಗಳನ್ನು ಇಲ್ಲಿಗೆ ಹೊಂದಿಸಿದರು, ಪ್ರಾಣಿಗಳ ಪ್ರಯೋಗಾಲಯವನ್ನೂ ಮಾಡಿದರು. ಅವರನ್ನು ನಾನು ದೂರೋದಿಲ್ಲ, ದೊಡ್ಡ ಕೆಲಸ ಮಾಡಿದವರು. ಆದ್ರೆ ಕಾಲೇಜಿಂದ ನಾಲ್ಕು ಮೈಲಿ ಆಚೆ, ಶಾಲೆ ಜಗಲಿ ಮೇಲೆ ಕೂತ ನಮ್ಮ ಹುಡುಗರ ಮೇಲೆ ನಡೀತಿದ್ದ ಪ್ರಯೋಗಕ್ಕೆ ಯಾವ ಪ್ರಯೋಗಾಲಯದ ಪುಸ್ತಕದಲ್ಲೂ ಜಾಗ ಸಿಗಲಿಲ್ಲ.

ಅದನ್ನು ಅಳೆಯೋಕೆ 2004ರ ತನಕ ಕಾಯಬೇಕಾಯ್ತು. ಕಾರ್ಲಾ ಹಾಫ್ ಮತ್ತು ಪ್ರಿಯಾಂಕಾ ಪಾಂಡೆ ಅನ್ನೋ ಅರ್ಥಶಾಸ್ತ್ರಜ್ಞರು ಉತ್ತರ ಪ್ರದೇಶದ ಹಳ್ಳಿಗಳಲ್ಲಿ 642 ಹುಡುಗರಿಗೆ ಕಾಗದದ ಮೇಲಿನ ಚಕ್ರವ್ಯೂಹ ಬಿಡಿಸೋಕೆ ಕೊಟ್ಟರು. ಅರ್ಧ ಮೇಲ್ಜಾತಿ, ಅರ್ಧ ಕೆಳಜಾತಿ ಅನ್ನಿಸಿಕೊಂಡವರು. ಜಾತಿ ಹೇಳದಿದ್ದಾಗ ಎರಡೂ ಗುಂಪು ಸರಿಸಮ. ಎಲ್ಲರ ಮುಂದೆ ಹೆಸರು, ಜಾತಿ ಕೂಗಿ ಹೇಳಿದ ಮೇಲೆ ನಮ್ಮ ಹುಡುಗರು ಬಿಡಿಸಿದ್ದು ಸುಮಾರು ಶೇ. 20ರಷ್ಟು ಕಡಿಮೆಯಾಯ್ತು. ಅದೇ ಹುಡುಗ, ಅದೇ ತಲೆ, ಅದೇ ಪೆನ್ಸಿಲ್. "ಸ್ಕಾಲರ್‌ಶಿಪ್ ಬಂದಿದೆ, ಎಸ್ಸಿ ಹುಡುಗರೆಲ್ಲ ಎದ್ದು ನಿಲ್ಲಿ" ಅಂತ ಮೇಷ್ಟ್ರು ಕೂಗಿದಾಗ ತರಗತಿಯ ನಗು ಕೇಳಿಸಿಕೊಂಡ ನಮಗೆ ಇದಕ್ಕೆ ಬೇರೆ ಪುರಾವೆ ಬೇಕಾಗಿಲ್ಲ.

ಈಗ ಮುಖ್ಯ ಮಾತಿಗೆ ಬರ್ತೀನಿ. ಬಾಗಿಲು ತೆಗೆದರೆ ಸಾಕಾ?

ಮುಂಬಯಿ ಶಾಸನ ಸಭೆ 1923ರಲ್ಲೇ ಸಾರ್ವಜನಿಕ ಕೆರೆ, ಬಾವಿ ಎಲ್ಲರಿಗೂ ಅಂತ ನಿರ್ಣಯ ಮಾಡಿತ್ತು. 1924ರಲ್ಲಿ ಮಹಾಡದ ಪುರಸಭೆ ಚವದಾರ ಕೆರೆಯನ್ನು ಅಸ್ಪೃಶ್ಯರಿಗೂ ತೆರೆದಿದೆ ಅಂತ ಹೇಳಿತು. ಆದರೂ ನಮ್ಮವರು ಕೆರೆಗೆ ಇಳಿಯಲಿಲ್ಲ. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಮುಂದೆ ನಡೆದು ಬೊಗಸೆ ನೀರು ಕುಡಿದ ಮೇಲೆ ಹಿಂದೆ ಸಾವಿರಾರು ಜನ ಕುಡಿದರು.

ಇದಾದ 40 ವರ್ಷಕ್ಕೆ, 1967ರಲ್ಲಿ, ಅಮೆರಿಕದಲ್ಲಿ ಸೆಲಿಗ್‌ಮನ್ ಮತ್ತು ಮೇಯರ್ ಒಂದು ಪ್ರಯೋಗ ಮಾಡಿದರು. ಕೆಲವು ನಾಯಿಗಳನ್ನು ಕಟ್ಟಿ ಕರೆಂಟ್ ಶಾಕ್ ಕೊಟ್ಟರು. ಏನೇ ಮಾಡಿದರೂ ಶಾಕ್ ನಿಲ್ಲುತ್ತಿರಲಿಲ್ಲ. ಮಾರನೇ ದಿನ ಅವನ್ನು ಸುಲಭವಾಗಿ ಹಾರಬಹುದಾದ ಗಿಡ್ಡ ತಡೆ ಇರೋ ಪೆಟ್ಟಿಗೇಲಿ ಬಿಟ್ಟರು. ಹೆಚ್ಚಿನವು ಹಾರಲೇ ಇಲ್ಲ, ಮುದುರಿ ಮಲಗಿ ನೋವು ತಿಂದವು. ಇದಕ್ಕೆ 'ಕಲಿತ ಅಸಹಾಯಕತೆ' ಅಂತ ಹೆಸರು ಬಂತು. ಆ ನಾಯಿಗಳಿಗೆ ಆಸೆ ತೋರಿಸಿದರೆ ಆಗಲಿಲ್ಲ, ಕರೆದರೆ ಆಗಲಿಲ್ಲ. ಕೊನೆಗೆ ಹಿಡಿದು ಆಚೆ ಎಳೀಬೇಕಾಯ್ತು. ಹಾಗೆ ಹಲವು ಸಲ ಎಳೆದ ಮೇಲೆ ತಾವೇ ಹಾರೋಕೆ ಕಲಿತವು.

ಮಹಾಡ್ ನೆನಪಾಗುತ್ತೆ ಅಲ್ವಾ? ಆದ್ರೆ ಇಲ್ಲಿ ಒಂದು ತಪ್ಪು ಮಾಡಬಾರದು. ನಮ್ಮವರು ಮೂರು ವರ್ಷ ಕೆರೆಗೆ ಇಳಿಯದ್ದು ಬರೀ ಅಭ್ಯಾಸಬಲ ಅಲ್ಲ. ನೀರು ಕುಡಿದ ದಿನವೇ ಅವರ ಮೇಲೆ ದೊಣ್ಣೆ ಬಿತ್ತು. ಆಮೇಲೆ ಸೆಗಣಿ, ಗಂಜಲ ಸುರಿದು ಕೆರೆಯನ್ನು 'ಶುದ್ಧ' ಮಾಡಿದರು. ಕೆರೆಯ ಹಕ್ಕು ಹೈಕೋರ್ಟಿನಲ್ಲಿ ಗಟ್ಟಿಯಾಗೋಕೆ 1937 ಬರಬೇಕಾಯ್ತು. ಅಂದ್ರೆ ಬಾಗಿಲು ತೆರೆದಿತ್ತು, ಕರೆಂಟ್ ಇನ್ನೂ ಹರೀತಿತ್ತು. ಹೆದರಿದವರ ಮೈ ಸುಳ್ಳು ಹೇಳ್ತಿರಲಿಲ್ಲ. ಇದನ್ನು ಮರೆತು 'ದಲಿತರ ಕೀಳರಿಮೆ' ಅಂತ ಉಪದೇಶ ಮಾಡೋರ ಮಾತಿಗೆ ತಲೆಯಾಡಿಸಬೇಡಿ.

ಪುನರ್ಬಲನದ ಇನ್ನೊಂದು ನಿಯಮ ಇದೆ. ಸಿಗ್ತಿದ್ದ ಫಲ ಇದ್ದಕ್ಕಿದ್ದಂತೆ ನಿಂತರೆ ಪ್ರಾಣಿ ಸುಮ್ಮನಾಗಲ್ಲ. ಮೊದಲು ಇನ್ನೂ ಜೋರಾಗಿ ಸನ್ನೆ ಒತ್ತುತ್ತೆ, ಕೆರಳುತ್ತೆ, ಕಚ್ಚುತ್ತೆ. ಊರಿಗೆ ಸಿಗ್ತಿದ್ದ ಫಲ ನಮ್ಮ ಬಾಗಿದ ಬೆನ್ನು. ನಾವು 'ಬುದ್ಧಿ' ಅನ್ನೋದು ನಿಲ್ಲಿಸಿದ ದಿನ, ದೇವಸ್ಥಾನದ ಮೆಟ್ಟಿಲು ಹತ್ತಿದ ದಿನವೇ ಊರು ಕೆರಳಿದ್ದು. ದೇವಸ್ಥಾನ ಪ್ರವೇಶದ ಜಗಳದ ಬೆನ್ನಿಗೇ 1993ರ ಮಾರ್ಚಿನಲ್ಲಿ ನಂಜನಗೂಡು ತಾಲ್ಲೂಕಿನ ಬದನವಾಳಿನಲ್ಲಿ ನಮ್ಮ ಮೂವರನ್ನು ಕೊಂದರು. ಇದು ಕಾರಣ ಹೇಳೋದು, ಕ್ಷಮಿಸೋದಲ್ಲ. ಪಾರಿವಾಳಕ್ಕೆ ಕಾನೂನಿಲ್ಲ, ಮನುಷ್ಯನಿಗಿದೆ. 1989ರ ದೌರ್ಜನ್ಯ ತಡೆ ಕಾಯ್ದೆ ಇರೋದು ಆ ಕರೆಂಟನ್ನು ನಿಲ್ಲಿಸೋಕೆ. ಆ ಕಾಯ್ದೆ ಬಲವಾಗಿ ನಿಲ್ಲದೆ 'ಮನಸ್ಸು ಬದಲಾಯಿಸಿಕೊಳ್ಳಿ' ಅನ್ನೋದು ಬರೀ ಬಾಯಿಮಾತು.

ಹಾಗಾದ್ರೆ ಕರೆಂಟ್ ನಿಂತ ಮೇಲೆ? ಗೃಹಪ್ರವೇಶದಲ್ಲಿ ನನ್ನ ಕಾಲು ಏಳದ್ದಕ್ಕೆ ಉತ್ತರ 1953ರ ಇನ್ನೊಂದು ಪ್ರಯೋಗದಲ್ಲಿದೆ. ಶಾಕಿಗೆ ಹೆದರಿ ಹಾರೋದು ಕಲಿತ ನಾಯಿಗಳು, ಶಾಕ್ ಪೂರ್ತಿ ನಿಲ್ಲಿಸಿದ ಮೇಲೂ ನೂರಾರು ಸಲ ಹಾರುತ್ತಲೇ ಇದ್ದವು. ಯಾಕೆ? ಹಾರದೆ ನಿಂತು ನೋಡಲೇ ಇಲ್ಲ. ನೋಡದೆ ಶಾಕ್ ಇಲ್ಲ ಅಂತ ತಿಳಿಯೋದು ಹೇಗೆ? ನಾನೂ ಶಾಮಿಯಾನದ ಕೆಳಗೇ ಕೂತರೆ, ಒಳಗೆ ಹೋದರೆ ಏನಾಗುತ್ತೆ ಅಂತ ಈ ಜನ್ಮದಲ್ಲಿ ತಿಳಿಯಲ್ಲ.

2016ರಲ್ಲಿ ಅದೇ ಮೇಯರ್ ಮತ್ತು ಸೆಲಿಗ್‌ಮನ್ ಮಿದುಳಿನ ಹೊಸ ಅಧ್ಯಯನಗಳನ್ನು ನೋಡಿ ತಮ್ಮ ಹಳೇ ಮಾತನ್ನೇ ತಿರುಗಿಸಿದರು. ತಪ್ಪಿಸಿಕೊಳ್ಳಲಾಗದ ನೋವು ತುಂಬಾ ಹೊತ್ತು ಇದ್ದರೆ ಮುದುರಿ ಕೂರೋದು ಮೈಗೆ ಸಹಜ, ಅದನ್ನು ಯಾರೂ ಕಲಿಯಬೇಕಿಲ್ಲ. 'ಇದು ನನ್ನ ಕೈಲಿದೆ, ನಾನು ಬದಲಾಯಿಸಬಲ್ಲೆ' ಅನ್ನೋದನ್ನೇ ಕಲಿಯಬೇಕು. ಕಲಿಕೆ ಅಂದ್ರೆ ಆ ಹಿಡಿತ. ಬಾಬಾಸಾಹೇಬರು ಮಹಾಡದಲ್ಲಿ ಮಾಡಿಸಿದ್ದು ಇದನ್ನೇ. ಉಪನ್ಯಾಸ ಕೊಟ್ಟು ಮನೆಗೆ ಕಳಿಸಲಿಲ್ಲ, ನಡೆಸಿಕೊಂಡು ಹೋಗಿ ನೀರು ಕುಡಿಸಿದರು.

ಭಯ ಬಿಡಿಸಿದ ಪ್ರಯೋಗವೂ ಒಂದಿದೆ. 1924ರಲ್ಲಿ ಮೇರಿ ಕವರ್ ಜೋನ್ಸ್ ಮೊಲಕ್ಕೆ ಹೆದರುವ ಪೀಟರ್ ಅನ್ನೋ ಮಗುವಿಗೆ ಇಷ್ಟದ ತಿಂಡಿ ಕೊಡ್ತಾ ಮೊಲವನ್ನು ದಿನಾ ಒಂದಿಷ್ಟು ಹತ್ತಿರ ತಂದಳು. ಮೊಲಕ್ಕೆ ಹೆದರದ ಬೇರೆ ಮಕ್ಕಳನ್ನು ಜೊತೆಗೆ ಆಡೋಕೆ ಬಿಟ್ಟಳು. ಕೊನೆಗೆ ಪೀಟರ್ ಮೊಲವನ್ನು ಮುದ್ದು ಮಾಡಿದ. ನಾವೂ ಇದನ್ನು ಮಾಡಿದ್ದೀವಿ. ತಮಟೆ ನೆನಪಿಸಿಕೊಳ್ಳಿ. ನಮ್ಮ ತಾತನಿಗೆ ಆ ಸದ್ದು ಅಂದ್ರೆ ಬಿಟ್ಟಿ ಚಾಕರಿ, ಹೆಣದ ಮುಂದಿನ ನಡಿಗೆ. 1970ರ ದಶಕದಲ್ಲಿ ಬಿ. ಕೃಷ್ಣಪ್ಪನವರ ಕಾಲದಿಂದ ದಲಿತ ಸಂಘರ್ಷ ಸಮಿತಿಯವರು ಅದೇ ತಮಟೆಯನ್ನು ಮೆರವಣಿಗೆ ಮುಂದೆ ಹಿಡಿದರು. ಇವತ್ತು ನನ್ನ ಮಗನಿಗೆ ತಮಟೆ ಕೇಳಿದರೆ ಎದೆ ಉಬ್ಬುತ್ತೆ, ಕಾಲು ಕುಣಿಯುತ್ತೆ. ಚರ್ಮ ಅದೇ, ಏಟು ಅದೇ. ಜೊತೆಗೆ ಸೇರಿದ್ದು ಬೇರೆ.

ಕೊನೆಗೊಂದು ತಪ್ಪೊಪ್ಪಿಗೆ. ಕಾಲೇಜು ದಿನಗಳಲ್ಲಿ ಒಮ್ಮೆ ಅಪ್ಪನ ಜೊತೆ ಒಂದು ಕಚೇರಿಗೆ ಹೋಗಿದ್ದೆ. ಅಪ್ಪ ಟವೆಲ್ ತೆಗೆದು ಕಂಕುಳಿಗೆ ಇಟ್ಟು "ಬುದ್ಧೀ" ಅಂದರು. ಹೊರಗೆ ಬಂದ ಮೇಲೆ "ಗುಲಾಮಗಿರಿ ಬಿಡಲ್ವಲ್ಲಪ್ಪ ನೀನು" ಅಂತ ಜನರ ಮುಂದೆ ಬೈದೆ. ಅಪ್ಪ ಏನೂ ಅನ್ನಲಿಲ್ಲ. ಆ ಕಾಗದಕ್ಕೆ ಅವತ್ತು ಸಹಿ ಆಗಿತ್ತು, ಆ ಸಹಿ ನನ್ನ ಹಾಸ್ಟೆಲ್ ಸೀಟಿಗೆ. ಕಣದ ಅಂಚಲ್ಲಿ ಕಲಿತ ಪಾಠವನ್ನು ನನಗೋಸ್ಕರ ಬಳಸಿದ್ದರು. ಅಪ್ಪ ಈಗಿಲ್ಲ. ನಾನು ಅವತ್ತು ಬೈಬೇಕಿದ್ದದ್ದು ಪೆಟ್ಟಿಗೆಯನ್ನು, ಬೈದದ್ದು ಅಪ್ಪನನ್ನು.

ಅದಕ್ಕೇ ಗೆಳೆಯರೇ, ಸಂಘಟನೆಯ ಹುಡುಗರಿಗೆ ಒಂದು ಮಾತು. ಯಾರಾದರೂ ಹಿರಿಯರು ಹೋಟೆಲ್ ಬಾಗಿಲಲ್ಲಿ, ದೇವಸ್ಥಾನದ ಮೆಟ್ಟಿಲಲ್ಲಿ, ಸಾಹೇಬರ ಕೋಣೆ ಮುಂದೆ ನಿಂತುಬಿಟ್ಟರೆ ನಗಬೇಡಿ, ಬೈಬೇಡಿ. ಕೈ ಹಿಡ್ಕೊಂಡು ಜೊತೆಗೆ ಒಳಗೆ ಹೋಗಿ. ಒಂದು ಸಲ ಸಾಲದು, ಹತ್ತು ಸಲ ಹೋಗಿ.

ಅಕ್ಕನ ಮಗಳು ಬೆಳಿಗ್ಗೆ "ಮಾವ, ಗೈಡಲ್ಲಿರೋ ಉದಾಹರಣೆ ಬರೀಲಾ, ನೀವು ಹೇಳಿದ್ದು ಬರೀಲಾ?" ಅಂತ ಕೇಳಿದಳು. ಪರೀಕ್ಷೇಲಿ ನಾಯಿದೇ ಬರಿಯಮ್ಮ, ಮಾರ್ಕ್ಸ್ ಬೇಕು. ಟೀಚರ್ ಆದ ಮೇಲೆ ಮಾತ್ರ "ಎಸ್ಸಿ ಮಕ್ಕಳು ಎದ್ದು ನಿಲ್ಲಿ" ಅನ್ಬೇಡ ಅಂದೆ.

ಮುಂದಿನ ಭಾನುವಾರ ಆ ಸಹೋದ್ಯೋಗಿಯ ಮನೆಗೆ ಮತ್ತೆ ಹೋಗ್ತಿದ್ದೀನಿ. ಈ ಸಲ ಒಳಗೆ.

ಜೈಭೀಮ್.