ಗದ್ದೆಯೂ ಪ್ರಸಂಗವೂ: ಕೃತಿಸ್ವಾಮ್ಯದ ಒಂದು ವ್ಯಾಜ್ಯ

ಕೃಷ್ಣರಾಜಪೇಟೆ ತಾಲ್ಲೂಕಿನ ಶೀಳನೆರೆಯಲ್ಲಿ ಗದ್ದೆಗೆ ಸರ್ವೆ ಕಲ್ಲುಂಟು, ಪಹಣಿಯುಂಟು. ಬದು ಒತ್ತಿದವನಿಗೆ ದಕ್ಕಿದಷ್ಟು ನೆಲ ನೆರೆಯವನಿಗೆ ಕಡಿಮೆಯಾಗುತ್ತದೆ. ಇದೇ ಸೀಮೆಯ ಮೂಡಲಪಾಯದ ಭಾಗವತನೊಬ್ಬನು ಪ್ರಸಂಗವನ್ನು ನಕಲು ಮಾಡಿಕೊಂಡರೆ, ಮೂಲಪ್ರತಿ ಉಳ್ಳವನಿಗೆ ಒಂದು ಪದವೂ ಕಡಿಮೆಯಾಗದು. ಹೀಗಿರುವಾಗ ಕೃತಿಯ ಮೇಲಿನ ಹಕ್ಕನ್ನು ಆಸ್ತಿಯೆನ್ನುವುದು ಎಷ್ಟರಮಟ್ಟಿಗೆ ಸಲ್ಲುತ್ತದೆ? ಯಕ್ಷಗಾನದ ಕುರಿತಾಗಿಯೇ ನಡೆದ ಒಂದು ವ್ಯಾಜ್ಯದಿಂದ ಇದನ್ನು ಪರಿಶೀಲಿಸೋಣ.

ಡಾ. ಶಿವರಾಮ ಕಾರಂತರು 1994ರಲ್ಲಿ ಉಯಿಲು ಬರೆದು, 1997ರ ಡಿಸೆಂಬರಿನಲ್ಲಿ ನಿಧನರಾದರು. 2001ರ ಸೆಪ್ಟೆಂಬರಿನಲ್ಲಿ ಮಣಿಪಾಲದ ಅಕಾಡೆಮಿ ಆಫ್ ಜನರಲ್ ಎಜುಕೇಶನ್ ಅವರ ‘ಅಭಿಮನ್ಯು ವಧೆ’ ನೃತ್ಯರೂಪಕವನ್ನು ದೆಹಲಿಯಲ್ಲಿ ಪ್ರದರ್ಶಿಸಿದಾಗ, ತಮ್ಮ ಅನುಮತಿ ಪಡೆದಿಲ್ಲವೆಂದು ಉಯಿಲಿನ ಹಕ್ಕುದಾರರು ನ್ಯಾಯಾಲಯದ ಮೊರೆಹೊಕ್ಕರು. ಆ ಕಲಾಪ್ರಕಾರ ಬೆಳೆದದ್ದು ಸಂಸ್ಥೆಯ ಆಶ್ರಯದಲ್ಲಿಯೇ ಎಂಬುದು ಅಕಾಡೆಮಿಯ ವಾದವಾಗಿತ್ತು. ಉಯಿಲು ಸಾಹಿತ್ಯಕೃತಿಗಳ ಹಕ್ಕನ್ನು ಹೆಸರಿಸಿತ್ತೇ ಹೊರತು ನೃತ್ಯರೂಪಕವನ್ನಲ್ಲ. ಆದರೂ ‘ಉಳಿದ ಸ್ವತ್ತು’ ಎಂಬ ಷರತ್ತಿನಡಿಯಲ್ಲಿ ಅದೂ ಹಕ್ಕುದಾರರಿಗೇ ಸೇರಿತು. ಹೆಸರಿಸದೆ ಬಿಟ್ಟ ತುಂಡು ಜಮೀನು ವಾರಸುದಾರನಿಗೆ ಸಂದಂತೆ!

ಆದರೆ ಹೋಲಿಕೆ ಅಲ್ಲಿಗೇ ನಿಲ್ಲುತ್ತದೆ. 2009ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ತಡೆಯಾಜ್ಞೆಯನ್ನು ಉಳಿಸಿಕೊಂಡೇ ಅದಕ್ಕೊಂದು ಮಿತಿಯನ್ನು ಹಾಕಿತು: 1957ರ ಕೃತಿಸ್ವಾಮ್ಯ ಕಾಯಿದೆಯ 52ನೆಯ ಕಲಮು ಒಪ್ಪುವ ಶೈಕ್ಷಣಿಕ ಪ್ರದರ್ಶನಗಳಿಗೂ, ಹಣ ತೆರದ ಪ್ರೇಕ್ಷಕರ ಮುಂದೆ ಹವ್ಯಾಸಿ ಸಂಘ ನಡೆಸುವ ಪ್ರದರ್ಶನಕ್ಕೂ ಅಡ್ಡಿಯಿಲ್ಲ. ಶಾಲೆಯ ಮಕ್ಕಳು ಆಡಲೆಂದು ಯಾರ ಗದ್ದೆಯನ್ನೂ ಕಾನೂನು ಹೀಗೆ ಬಿಟ್ಟುಕೊಡದು. ಕಾಲದ ಎಲ್ಲೆಯೂ ಉಂಟು. ಲೇಖಕನ ಮರಣಾನಂತರ ಅರವತ್ತು ವರ್ಷ. ಕಾರಂತರ ಕೃತಿಗಳಿಗೆ 2057ರ ಕೊನೆ. ಇಂಗ್ಲೆಂಡಿನಲ್ಲಿ 1710ರ ಕಾಯಿದೆ ಹೊಸ ಪುಸ್ತಕಕ್ಕೆ ಹದಿನಾಲ್ಕು ವರ್ಷ ಕೊಟ್ಟಿತ್ತು. ಹಕ್ಕು ಶಾಶ್ವತವೆಂಬ ಪುಸ್ತಕ ವ್ಯಾಪಾರಿಗಳ ವಾದವನ್ನು ಅಲ್ಲಿಯ ಪ್ರಭುಸಭೆ 1774ರಲ್ಲಿ ತಳ್ಳಿಹಾಕಿತು. ಇನ್ನೊಂದು ಮಾತು: ಮಾರಿದ ಹೊಲದಲ್ಲಿ ಮಾರಿದವನಿಗೆ ಏನೂ ಉಳಿಯದು. ಹಕ್ಕನ್ನು ಮಾರಿದ ಲೇಖಕನಿಗಾದರೋ, ಕೃತಿ ತನ್ನದೆಂದು ಹೇಳಿಕೊಳ್ಳುವ ಅಧಿಕಾರ 57ನೆಯ ಕಲಮಿನಂತೆ ಉಳಿಯುತ್ತದೆ.

ಸಂತ ತೋಮಸ್ ಅಕ್ವಿನಾಸರು ಸ್ವತ್ತನ್ನು ಗಳಿಸಿ ನಿರ್ವಹಿಸುವ ಅಧಿಕಾರವನ್ನು ವ್ಯಕ್ತಿಗೆ ಒಪ್ಪಿ, ಅದರ ಬಳಕೆ ಮಾತ್ರ ಸರ್ವರಿಗೂ ಸಲ್ಲುವಂತಿರಬೇಕೆಂದರು. ಜಗದ್ಗುರು ಎರಡನೆಯ ಜಾನ್ ಪೌಲರು 1991ರ ‘ಚೆಂತೇಸಿಮುಸ್ ಆನ್ನುಸ್’ ಪತ್ರದಲ್ಲಿ ಜ್ಞಾನ, ಕೌಶಲಗಳನ್ನೂ ಒಡೆತನದ ಒಂದು ರೂಪವೆಂದು ಗುರುತಿಸಿದರು. ನಮ್ಮ ಅಭಿಪ್ರಾಯದಲ್ಲಿ, ಅಕ್ವಿನಾಸರ ಬೋಧನೆಗೆ ಜಮೀನಿನ ಕಾನೂನಿಗಿಂತ ಕೃತಿಸ್ವಾಮ್ಯದ ಕಾನೂನೇ ಹೆಚ್ಚು ಸಮೀಪ. ಮಹಾಭಾರತದ ಕಥೆಯನ್ನೂ ಕರಾವಳಿಯ ಮೇಳಗಳ ಕುಣಿತವನ್ನೂ ಕಾರಂತರು ಪಡೆದದ್ದು ಸರ್ವರ ಸ್ವತ್ತಿನಿಂದಲೇ ಅಲ್ಲವೇ?

ಹಾಗೆಂದು ರಚನಕಾರನ ದುಡಿಮೆಯನ್ನು ಅಲ್ಲಗಳೆಯಲಾಗದು. ಧಾರ್ಮಿಕ ಸಂಸ್ಥೆಯ ನೆರವಿಗಾಗಿ ಹವ್ಯಾಸಿಗಳು ನಡೆಸುವ ಪ್ರದರ್ಶನಕ್ಕೂ ಅದೇ ಕಲಮು ವಿನಾಯಿತಿ ನೀಡುತ್ತದೆ. ಗುರುಮಠಗಳಲ್ಲಿ ಇದನ್ನು ಸಂತೋಷದಿಂದ ಉದಾಹರಿಸುವುದುಂಟು. ಆದರೆ ಅದು ಪ್ರದರ್ಶನಕ್ಕೆ ಸಂಬಂಧಿಸಿದ್ದು, ಪುಸ್ತಕದ ಜೆರಾಕ್ಸಿಗಲ್ಲ. ಕದಿಯಬೇಡವೆಂಬ ಕಟ್ಟಳೆಯನ್ನು ಬೋಧಿಸುವ ನಾವು, ಭಕ್ತಿಗೀತೆಗಳ ಜೆರಾಕ್ಸ್ ಹಾಳೆಗಳನ್ನು ಗಾಯನವೃಂದಕ್ಕೆ ಹಂಚುವಾಗ ಬರೆದವರನ್ನು ಕೇಳಿದ್ದು ಅಪರೂಪ.