ಯಂತ್ರ ಬಂದಿತ್ತು, ರಸ್ತೆ ಬಂದಿರಲಿಲ್ಲ: ಕಾರವಾರ ಊರಾದ ಕಥೆ

2024ರ ಆಗಸ್ಟ್ 7, ನಡುರಾತ್ರಿ ಕಳೆದು ಒಂದು ಗಂಟೆಯ ಸುಮಾರು. ಕಾರವಾರದ ಕೋಡಿಬಾಗದಿಂದ ಸದಾಶಿವಗಡಕ್ಕೆ ಹೋಗುವ ಕಾಳಿ ನದಿಯ ಹಳೆ ಸೇತುವೆ ಕುಸಿದು ಬಿತ್ತು. ಗೋವಾ ಕಡೆಯಿಂದ ಬರುತ್ತಿದ್ದ ಒಂದು ಲಾರಿಯೂ ಅದರ ಜೊತೆ ನದಿಗೆ ಬಿತ್ತು. ಚಾಲಕ ಹೇಗೋ ಹೊರಗೆ ಬಂದು ಲಾರಿಯ ಮೇಲೆ ಹತ್ತಿ ಕೂತಿದ್ದ. ಪೊಲೀಸರು ಮತ್ತು ಊರಿನ ಮೀನುಗಾರರು ಕತ್ತಲಲ್ಲೇ ಹೋಗಿ ಅವನನ್ನು ದಡಕ್ಕೆ ತಂದರು. ಜೀವ ಉಳಿಯಿತು.

ಅದಕ್ಕೆ ಮೂರು ವಾರ ಮೊದಲು, ಜುಲೈ 16ರಂದು, ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಇದೇ ಹೆದ್ದಾರಿಯ ಮೇಲೆ ಗುಡ್ಡ ಕುಸಿದಿತ್ತು. ಹಾಗಾಗಿ ಆ ಮಳೆಗಾಲದಲ್ಲಿ ನಮ್ಮ ಜಿಲ್ಲೆಯ ಸುದ್ದಿ ಬರೆಯುವವರ ಹತ್ತಿರ ಜನ ಕೇಳುತ್ತಿದ್ದದ್ದು ಒಂದೇ ಮಾತು: ಈ ಕೆಲಸ ಯಾರದ್ದು, ಯಾರಿಗಾಗಿ ಮಾಡಿದ್ದು, ನೋಡಿಕೊಳ್ಳಬೇಕಾದವರು ಯಾರು?

ಹಳೆ ಕಾಗದಗಳನ್ನು ತಿರುವಿ ಹಾಕಿದರೆ ಈ ಪ್ರಶ್ನೆ ಕಾರವಾರದ ಪುರಸಭೆಗಿಂತಲೂ ಹಳೆಯದು. ಈ ಊರು ಜಿಲ್ಲಾ ಕೇಂದ್ರ ಆದದ್ದೇ ಒಂದು ರಸ್ತೆ ಮತ್ತು ಒಂದು ಧಕ್ಕೆಯ ಜಗಳದಿಂದ. ಆ ಜಗಳ ನಡೆದದ್ದು ಕಾರವಾರದಲ್ಲೂ ಅಲ್ಲ. ಮದ್ರಾಸ್, ಮುಂಬೈ, ಲಂಡನ್ ಮತ್ತು ಮ್ಯಾಂಚೆಸ್ಟರ್‌ನಲ್ಲಿ.

ಕಥೆ ಶುರುವಾಗುವುದು ಹತ್ತಿಯಿಂದ. ಧಾರವಾಡ, ಹುಬ್ಬಳ್ಳಿ, ಗದಗ ಸೀಮೆಯ ಕಪ್ಪು ಮಣ್ಣಿನ ಹತ್ತಿಗೆ ಆಗ ಸಮುದ್ರದ ಬಾಗಿಲು ಅಂದರೆ ಕುಮಟಾ. ಎತ್ತಿನ ಮೇಲೆ, ಗಾಡಿಯ ಮೇಲೆ ಅಂಡಿಗೆಗಳು ಘಟ್ಟ ಇಳಿದು ಕುಮಟಾಕ್ಕೆ ಬರುತ್ತಿದ್ದವು. ಅಲ್ಲಿಂದ ಮಚವೆಗಳಲ್ಲಿ ಮುಂಬೈಗೆ, ಮುಂಬೈಯಿಂದ ವಿಲಾಯತಿಗೆ. ಎಷ್ಟರಮಟ್ಟಿಗೆ ಅಂದರೆ ಬಯಲುಸೀಮೆಯಲ್ಲಿ ಬೆಳೆದ ಹತ್ತಿಗೆ ಪೇಟೆಯಲ್ಲಿ 'ಕುಮಟಾ' ಅಂತಲೇ ಹೆಸರು ಬಿದ್ದಿತ್ತು. ಬೆಳೆದವನ ಊರಿನ ಹೆಸರು ಬೀಳಲಿಲ್ಲ, ಹಡಗು ಹತ್ತಿದ ಊರಿನ ಹೆಸರು ಬಿತ್ತು! ಆದರೆ ಕುಮಟಾದ ದಂಡೆಗೆ ಮರೆ ಇಲ್ಲ. ಮಳೆಗಾಲ ಬಂತೆಂದರೆ ಅಲ್ಲಿ ಹಡಗು ನಿಲ್ಲುವಂತಿಲ್ಲ.

ಕಾರವಾರದ ಕೊಲ್ಲಿ ಬೇರೆ ತರಹ. ತೆಂಕು ದಿಕ್ಕಿಗೆ ಬೈತಖೋಲದ ಗುಡ್ಡ ಸಮುದ್ರದೊಳಕ್ಕೆ ಕೈ ಚಾಚಿದೆ, ಎದುರಿಗೆ ದೇವಗಡ, ಕೂರ್ಮಗಡ ದ್ವೀಪಗಳಿವೆ. ದೊಡ್ಡ ಹಡಗಿಗೂ ಮರೆ ಸಿಗುತ್ತದೆ. ಇಂಗ್ಲಿಷರು 17ನೇ ಶತಮಾನದಲ್ಲೇ ಇಲ್ಲಿ ಕೋಠಿ ಹಾಕಿ ಕಾಳುಮೆಣಸು, ಬಟ್ಟೆ ಕೊಂಡವರು, ಅವರಿಗೆ ಈ ಕೊಲ್ಲಿ ಗೊತ್ತಿತ್ತು. ಆದರೆ ಘಟ್ಟದಿಂದ ಇಲ್ಲಿಗೆ ಗಾಡಿ ಇಳಿಯುವಂಥ ಒಳ್ಳೆ ರಸ್ತೆ ಇರಲಿಲ್ಲ.

1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಯಿತು. ಮ್ಯಾಂಚೆಸ್ಟರ್‌ನ ಗಿರಣಿಗಳಿಗೆ ಅಮೆರಿಕದ ಹತ್ತಿ ಬರುವುದು ನಿಂತಿತು. ಆಗ ಗಿರಣಿಯವರ ಕಣ್ಣು ಧಾರವಾಡದ ಮೇಲೆ ಬಿತ್ತು. ಮ್ಯಾಂಚೆಸ್ಟರ್ ಕಾಟನ್ ಕಂಪನಿ ಅಂತ ಒಂದು ಕಂಪನಿ ಕಟ್ಟಿಕೊಂಡಿದ್ದರು. ಹತ್ತಿಯನ್ನು ನೇರವಾಗಿ ರೈತರಿಂದ ಕೊಂಡು, ಕಾರವಾರದ ಕೊಲ್ಲಿಯಲ್ಲೇ ಒತ್ತಿ ಅಂಡಿಗೆ ಕಟ್ಟಿ, ಮುಂಬೈಗೆ ಹೋಗದೆ ಸೀದಾ ಇಂಗ್ಲೆಂಡಿಗೆ ಸಾಗಿಸುವುದು ಅವರ ಲೆಕ್ಕಾಚಾರ. ಆಗಿನ ಇಂಗ್ಲಿಷ್ ಕಾಗದಗಳಲ್ಲಿ ಈ ಬಂದರಿಗೆ ಕಾರವಾರ ಅನ್ನುವುದಕ್ಕಿಂತ ಹೆಚ್ಚಾಗಿ ಸದಾಶಿವಗಡ ಅಂತಲೇ ಬರೆದಿದ್ದಾರೆ. ಕಾಳಿಯ ಉತ್ತರ ದಡದ ಕೋಟೆಯ ಹೆಸರದು.

ರಸ್ತೆಯನ್ನೂ ಬಂದರಿನ ಕೆಲಸವನ್ನೂ ಸರ್ಕಾರ ಮುಗಿಸಿಕೊಡುತ್ತದೆ ಎಂದು ಕಂಪನಿ ನಂಬಿತ್ತು. ಆ ನಂಬಿಕೆಯ ಮೇಲೆ ಹತ್ತಿ ಒತ್ತುವ ಯಂತ್ರಗಳನ್ನು ಹಡಗಿಗೆ ಹಾಕಿಬಿಟ್ಟಿತು. 1862ರ ಆರಂಭದಲ್ಲಿ ಕಂಪನಿಯ ಕಾರ್ಯದರ್ಶಿ ಹೇವುಡ್ ಇಲ್ಲಿಗೆ ಬಂದು ನೋಡಿದರೆ ಯಂತ್ರ ಇಳಿಸಲು ಸರಿಯಾದ ಧಕ್ಕೆ ಇಲ್ಲ, ಘಟ್ಟದ ರಸ್ತೆ ಅರ್ಧಕ್ಕೆ ನಿಂತಿದೆ. ಯಂತ್ರ ಬಂದಿತ್ತು, ರಸ್ತೆ ಬಂದಿರಲಿಲ್ಲ.

ನಮ್ಮ ತಾಲೂಕುಗಳಲ್ಲಿ ಕಟ್ಟಡ ಎದ್ದು ನಿಂತು ದಾರಿ ಇಲ್ಲದ ಆಸ್ಪತ್ರೆ, ಟ್ಯಾಂಕ್ ಕಟ್ಟಿ ಪೈಪ್ ಹಾಕದ ನೀರಿನ ಯೋಜನೆ ನೋಡಿದವರಿಗೆ ಇದು ಹೊಸದೇನಲ್ಲ. 160 ವರ್ಷದ ಹಿಂದೆ ಬ್ರಿಟಿಷ್ ಕಂಪನಿಯೇ ಬ್ರಿಟಿಷ್ ಸರ್ಕಾರದ ಕಾಮಗಾರಿಯ ಬಗ್ಗೆ ಇದೇ ದೂರು ಹೇಳಿಕೊಂಡು ತಿರುಗಿತು. ಲಂಡನ್ನಿನಲ್ಲಿ ಭಾರತದ ಮಂತ್ರಿಯಾಗಿದ್ದ ಚಾರ್ಲ್ಸ್ ವುಡ್ ಮೇಲೆ ಗಿರಣಿ ಮಾಲೀಕರು ಮುಗಿಬಿದ್ದರು.

ತಡ ಆದದ್ದೇಕೆ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ನಮ್ಮ ಜಿಲ್ಲೆ ಹುಟ್ಟಿದ್ದೇ ಇಲ್ಲಿ. ಹತ್ತಿ ಬೆಳೆಯುವ ಧಾರವಾಡ ಮುಂಬೈ ಪ್ರಾಂತ್ಯದಲ್ಲಿತ್ತು. ಹತ್ತಿ ಇಳಿಯಬೇಕಾದ ಕಾರವಾರ ಮದ್ರಾಸ್ ಪ್ರಾಂತ್ಯದ ಕೆನರಾದಲ್ಲಿತ್ತು. ಘಟ್ಟದ ಮೇಲೆ ಒಂದು ಸರ್ಕಾರ, ಘಟ್ಟದ ಕೆಳಗೆ ಇನ್ನೊಂದು. ಮದ್ರಾಸಿಗೆ ಈ ಮೂಲೆ ದೂರ. ಇಲ್ಲಿ ಹಣ ಸುರಿದರೆ ಲಾಭ ಮುಂಬೈ ಸೀಮೆಯ ವ್ಯಾಪಾರಕ್ಕೆ. ಕೆಲಸ ಯಾರು ಅವಸರದಿಂದ ಮಾಡುತ್ತಾರೆ? ಕೊನೆಗೆ ಒಂದು ಉಪಾಯ ಹುಡುಕಿದರು: ರಸ್ತೆ ಬೇಗ ಆಗದಿದ್ದರೆ ಜಿಲ್ಲೆಯನ್ನೇ ಆಚೆಗೆ ಹಾಕಿ! 1862ರಲ್ಲಿ ಉತ್ತರ ಕೆನರಾವನ್ನು ಮದ್ರಾಸಿನಿಂದ ತೆಗೆದು ಮುಂಬೈ ಪ್ರಾಂತ್ಯಕ್ಕೆ ಸೇರಿಸಿದರು. ಕುಂದಾಪುರ ತಾಲೂಕು ಮಾತ್ರ ಮದ್ರಾಸಿನಲ್ಲೇ, ದಕ್ಷಿಣ ಕೆನರಾದ ಜೊತೆ ಉಳಿಯಿತು.

ಇವತ್ತು ಭಟ್ಕಳ ದಾಟಿ ಬೈಂದೂರು ಕಡೆ ಹೋಗುವಾಗ ಜಿಲ್ಲೆ ಬದಲಾಗುತ್ತದಲ್ಲ, ಆ ಗಡಿಯ ಹಿಂದೆ ಹತ್ತಿ ಅಂಡಿಗೆಯ ಲೆಕ್ಕ ಇದೆ. ಇಲ್ಲಿಯ ಜನರನ್ನು ಯಾರೂ ಕೇಳಿರಲಿಲ್ಲ. 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರುವವರೆಗೆ 94 ವರ್ಷ ನಮ್ಮ ಕಾಗದಪತ್ರ, ಕೋರ್ಟು, ನೌಕರಿ ಎಲ್ಲಕ್ಕೂ ಮುಂಬೈಯೇ ದಿಕ್ಕಾಯಿತು.

ಆಮೇಲೆ ಕೆಲಸ ಓಡಿತು. ಕಾರವಾರ ಜಿಲ್ಲಾ ಕೇಂದ್ರ ಆಯಿತು. ಕಚೇರಿಗಳು ಎದ್ದವು. ಅರಬೈಲ್ ಘಟ್ಟದ ದಾರಿ ಸುಧಾರಿಸಿತು. 1864ರಲ್ಲಿ ದೇವಗಡ ದ್ವೀಪದ ಮೇಲೆ ದೀಪಸ್ತಂಭ ಬಂತು. ಅದೇ ವರ್ಷ ಪುರಸಭೆಯೂ ಬಂತು. ಆದರೆ 1865ಕ್ಕೆ ಅಮೆರಿಕದ ಯುದ್ಧವೇ ಮುಗಿದುಹೋಯಿತು. ಹತ್ತಿಯ ದರ ಇಳಿಯಿತು. ಊರನ್ನು ಹುಟ್ಟಿಸಿದ ಅವಸರ ಮೂರು ನಾಲ್ಕು ವರ್ಷದಲ್ಲಿ ತಣ್ಣಗಾಯಿತು, ಊರು ಮಾತ್ರ ಉಳಿಯಿತು.

ಪುರಸಭೆ ಅಂದರೆ ಆಗ ಏನು? ರಸ್ತೆ ಗುಡಿಸುವುದು, ಗಟಾರ ನೋಡಿಕೊಳ್ಳುವುದು, ಬೀದಿಗೆ ಎಣ್ಣೆ ದೀಪ ಹಚ್ಚುವುದು, ಬಾವಿ ಸರಿ ಇಡುವುದು. ಅದರ ಖರ್ಚಿಗೆ ಮನೆಪಟ್ಟಿ ಮತ್ತು ಊರಿಗೆ ಬರುವ ಸಾಮಾನಿನ ಮೇಲಿನ ಸುಂಕದಂಥ ಆದಾಯ. ಮೊದಲ ವರ್ಷಗಳಲ್ಲಿ ಇಂಥ ಪುರಸಭೆಗಳನ್ನು ಸರ್ಕಾರಿ ಅಧಿಕಾರಿಗಳು ಮತ್ತು ಸರ್ಕಾರ ನೇಮಿಸಿದ ನಾಲ್ಕು ಜನರೇ ನಡೆಸುತ್ತಿದ್ದರು. ರಿಪ್ಪನ್ ವೈಸರಾಯ್ ಆಗಿದ್ದಾಗ 1882ರಲ್ಲಿ ಸ್ಥಳೀಯ ಆಡಳಿತದ ಠರಾವು ಬಂತು, 1884ರಲ್ಲಿ ಮುಂಬೈ ಪ್ರಾಂತ್ಯದ ಕಾಯ್ದೆ ಬಂತು. ಆ ಮೇಲೆ ತೆರಿಗೆ ಕಟ್ಟುವ ಕೆಲವರಿಗೆ ಮತ ಹಾಕುವ ಹಕ್ಕು ಸಿಕ್ಕಿತು. ಧಕ್ಕೆ, ಬಂದರು, ಘಟ್ಟದ ರಸ್ತೆ, ದೀಪಸ್ತಂಭ ಇವು ಯಾವುವೂ ಪುರಸಭೆಯ ಕೈಗೆ ಬರಲಿಲ್ಲ. ಊರಿನ ಪಾಲಿಗೆ ಬಂದದ್ದು ಗಟಾರ ಮತ್ತು ದೀಪ.

ಈ ಹಂಚಿಕೆ ಇವತ್ತಿಗೂ ಹಾಗೇ ಇದೆ ಅನ್ನುವುದು ನಮ್ಮ ಅಭಿಪ್ರಾಯ. ನಗರಸಭೆಯ ಸಾಮಾನ್ಯ ಸಭೆಗೆ ಹೋಗಿ ಕೂತರೆ ಬೀದಿ ದೀಪ, ಕಸದ ಗಾಡಿ, ಗಟಾರ, ನೀರು, ಇವುಗಳ ಮೇಲೆ ಮೂರು ತಾಸು ಜಗಳ ಆಗುತ್ತದೆ. ಊರಿನ ನಕ್ಷೆಯನ್ನೇ ಬದಲಿಸುವ ಕೆಲಸ ಮಾತ್ರ ಆ ಸಭೆಯ ಅಜೆಂಡಾಕ್ಕೆ ತೀರ್ಮಾನಕ್ಕಾಗಿ ಬರುವುದಿಲ್ಲ.

ಮತ್ತೆ ಹಿಂದಕ್ಕೆ ಹೋಗೋಣ. ಹುಬ್ಬಳ್ಳಿಯಿಂದ ಕಾರವಾರಕ್ಕೆ ರೈಲು ಬಂದರೆ ಬಂದರು ಬದುಕುತ್ತದೆ ಎಂಬ ಮಾತು 1870ರ ದಶಕದಲ್ಲೇ ಇತ್ತು. ಆದರೆ 1878ರಲ್ಲಿ ಬ್ರಿಟಿಷರೂ ಪೋರ್ಚುಗೀಸರೂ ಒಪ್ಪಂದ ಮಾಡಿಕೊಂಡರು. ರೈಲು ಗೋವಾದ ಮುರ್ಮುಗಾಂವಿಗೆ ಹೋಯಿತು. 1888ರ ಹೊತ್ತಿಗೆ ಬಯಲುಸೀಮೆಯ ಸರಕು ಕ್ಯಾಸಲ್‌ರಾಕ್ ದಾಟಿ, ದೂಧಸಾಗರದ ಪಕ್ಕದಿಂದ ಅಲ್ಲಿಗೆ ಇಳಿಯತೊಡಗಿತು. ಕ್ಯಾಸಲ್‌ರಾಕ್ ಇರುವುದು ನಮ್ಮ ಜೋಯಿಡಾ ತಾಲೂಕಿನಲ್ಲೇ. ನಮ್ಮ ಜಿಲ್ಲೆಯ ಮೂಲೆ ಮುಟ್ಟಿಕೊಂಡು ರೈಲು ಬೇರೆಯವರ ಬಂದರಿಗೆ ಹೋಯಿತು. ಕಾರವಾರದ ವ್ಯಾಪಾರ ಕುಸಿಯಿತು.

ಸರಿಸುಮಾರು ಅದೇ ಕಾಲದಲ್ಲಿ, 1883ರಲ್ಲಿ, ಜಿಲ್ಲಾ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಗೆ ಬಂದು ರವೀಂದ್ರನಾಥ ಟ್ಯಾಗೋರ್ ಉಳಿದಿದ್ದರು. ಕಾಳಿ ನದಿಯಲ್ಲಿ ದೋಣಿ ಹತ್ತಿ ಹೋದದ್ದನ್ನು ತಮ್ಮ ನೆನಪಿನ ಬರಹದಲ್ಲಿ ಬರೆದಿದ್ದಾರೆ. ಕಡಲದಂಡೆಗೆ ಅವರ ಹೆಸರಿದೆ. ಅವರು ಕಂಡ ಶಾಂತವಾದ ಊರು ವ್ಯಾಪಾರ ಕೈಬಿಡುತ್ತಿದ್ದ ಊರು ಕೂಡ ಹೌದು. ಇದನ್ನು ಟ್ಯಾಗೋರ್ ದಂಡೆಯ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಹೇಳುವುದಿಲ್ಲ.

ಮುಂದಿನ ನೂರು ವರ್ಷ ಕಾಳಿ ದಾಟಲು ದೋಣಿಯೇ ಗತಿ. ಮಾಜಾಳಿಯವರು, ಸದಾಶಿವಗಡದವರು ಕೋರ್ಟಿಗೆ, ಆಸ್ಪತ್ರೆಗೆ, ಸಂತೆಗೆ ಬರಬೇಕೆಂದರೆ ನದಿ ದಾಟಲೇಬೇಕು. ನದಿ ಇಲ್ಲಿ ಸಮುದ್ರ ಸೇರುವ ಜಾಗ, ಅಗಲ ಬಹಳ, ಮಳೆಗಾಲದಲ್ಲಿ ನೀರಿನ ಸೆಳೆತ ಬೇರೆ. ಸೇತುವೆ ಬಂದದ್ದು 1980ರ ದಶಕದ ಆರಂಭದಲ್ಲಿ, ಕರಾವಳಿಯ ಹೆದ್ದಾರಿಗಾಗಿ. ಆದರೆ ಅದು ಬಂದಮೇಲೆ ಎರಡು ದಡದ ಸಂಬಂಧವೇ ಬದಲಾಯಿತು. ಶಾಲೆ, ಕೆಲಸ, ಮದುವೆ, ಮೀನು ಮಾರಾಟ, ಎಲ್ಲಾ ಸಲೀಸು. ಹೊರಗಿನವರಿಗಾಗಿ ಬಂದ ಕೆಲಸ ಊರಿನವರಿಗೂ ದಕ್ಕಿದ್ದಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ಕಾರವಾರದಲ್ಲಿ ಇಲ್ಲ.

ಎಲ್ಲಾ ಕೆಲಸವೂ ಹೀಗೆ ದಕ್ಕಲಿಲ್ಲ. 1986ರ ಅಕ್ಟೋಬರ್‌ನಲ್ಲಿ ಪ್ರಧಾನಿ ರಾಜೀವ್ ಗಾಂಧಿ ಸೀಬರ್ಡ್ ನೌಕಾನೆಲೆಗೆ ಅಡಿಗಲ್ಲು ಹಾಕಿದರು. ಬಿಣಗಾದಿಂದ ತೆಂಕಿಗೆ ಅರ್ಗಾ, ಚೆಂಡಿಯಾ, ತೊಡೂರು ಕಡೆಯ ಹಳ್ಳಿಗಳಿಂದ ನಾಲ್ಕು ಸಾವಿರಕ್ಕೂ ಹೆಚ್ಚು ಕುಟುಂಬಗಳು ಎದ್ದು ಹೋದವು. ಹೆಚ್ಚಿನ ಪರಿಹಾರಕ್ಕಾಗಿ ಕೋರ್ಟಿಗೆ ಹೋದವರ ಪ್ರಕರಣಗಳು ದಶಕಗಳ ಕಾಲ ನಡೆದವು, ಅರ್ಜಿ ಹಾಕಿದ ಎಷ್ಟೋ ಹಿರಿಯರು ಹಣ ನೋಡದೆ ತೀರಿಕೊಂಡರು. 2005ರ ಮೇ 31ರಂದು ಐಎನ್‌ಎಸ್ ಕದಂಬ ಕಾರ್ಯಾರಂಭ ಮಾಡಿತು. ದೇಶದ ರಕ್ಷಣೆಗೆ ಬೇಕಾದ ಕೆಲಸ ಅದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಮೀನುಗಾರನ ಲೆಕ್ಕದಲ್ಲಿ ಆಗಿದ್ದು ಇಷ್ಟು: ಬಲೆ ಎಳೆಯುತ್ತಿದ್ದ, ಮೀನು ಒಣಗಿಸುತ್ತಿದ್ದ ದಂಡೆಗಳು ಒಂದೊಂದಾಗಿ ಬೇಲಿಯ ಒಳಗೆ ಹೋದವು.

ಹಾಗಾಗಿ 2020ರ ಜನವರಿಯಲ್ಲಿ ಸಾಗರಮಾಲಾ ಯೋಜನೆಯಡಿ ಕಾರವಾರ ಬಂದರಿನ ಎರಡನೇ ಹಂತದ ವಿಸ್ತರಣೆ ಶುರುವಾದಾಗ ಊರು ಬೀದಿಗೆ ಇಳಿಯಿತು. ಟ್ಯಾಗೋರ್ ದಂಡೆಯ ಕಡೆ ಅಲೆತಡೆಗೋಡೆ ಬರುವುದಿತ್ತು. ಹೆಂಗಸರು, ಗಂಡಸರು, ಮಕ್ಕಳು ಬಂದು ದಂಡೆಯಲ್ಲಿ ಕೂತರು. ಅಂಗಡಿಗಳು ಬಾಗಿಲು ಹಾಕಿದವು. ಅವರ ವಾದ ಸರಳವಾಗಿತ್ತು: ರಂಪಣಿ ಎಳೆಯಲು ನಮಗೆ ಉಳಿದಿರುವುದು ಇದೊಂದೇ ದಂಡೆ, ಇದನ್ನೂ ಕೊಟ್ಟರೆ ಎಲ್ಲಿಗೆ ಹೋಗುವುದು? ಅದೇ ತಿಂಗಳು ಹೈಕೋರ್ಟ್ ಕೆಲಸಕ್ಕೆ ತಡೆ ನೀಡಿತು.

1862ರಲ್ಲಿ ಈ ಕೊಲ್ಲಿಯ ಮೇಲೆ ಕಣ್ಣಿಟ್ಟವರು ಮ್ಯಾಂಚೆಸ್ಟರ್‌ನವರು, ಕೆಲಸ ತಡ ಆಯಿತೆಂದು ಸಿಟ್ಟಾದವರೂ ಅವರೇ. ಆ ಕಾಗದಗಳಲ್ಲಿ ದಂಡೆಯ ಮೀನುಗಾರನ ಮಾತು ಹುಡುಕಿದರೆ ಸಿಗುವುದು ಕಷ್ಟ. 2020ರಲ್ಲಿ ಅದೇ ದಂಡೆಯ ಜನ ಮೊದಲ ಸಲ ಎನ್ನುವ ಹಾಗೆ ಕಾಗದದ ಒಳಗೆ ಬಂದರು, ಅರ್ಜಿದಾರರಾಗಿ.

ಹುಬ್ಬಳ್ಳಿಯ ರೈಲು? 1998ರ ಜನವರಿಯಲ್ಲಿ ಕೊಂಕಣ ರೈಲು ಪೂರ್ತಿಯಾಗಿ ಓಡತೊಡಗಿದಾಗ ಮುಂಬೈ, ಮಂಗಳೂರು ಹತ್ತಿರವಾದವು. ಕಾರವಾರದವರು ಶಿರವಾಡದ ನಿಲ್ದಾಣಕ್ಕೆ ಹೋಗಿ ರೈಲು ಹತ್ತುತ್ತಾರೆ. ಘಟ್ಟ ಹತ್ತಿ ಹುಬ್ಬಳ್ಳಿಗೆ ಹೋಗುವ ಹಳಿ ಮಾತ್ರ ಆಗಲಿಲ್ಲ. ಹುಬ್ಬಳ್ಳಿ–ಅಂಕೋಲಾ ಮಾರ್ಗ 1990ರ ದಶಕದ ಕೊನೆಯಲ್ಲಿ ಮಂಜೂರಾಗಿ, ಕಾಡಿನ ಪ್ರಶ್ನೆಯಲ್ಲಿ ಸಿಕ್ಕಿ, ಕೋರ್ಟು ಮತ್ತು ಸಮಿತಿಗಳ ನಡುವೆ ಓಡಾಡಿತು. ಈ ವಿಷಯದಲ್ಲಿ ಕರಾವಳಿಯವರು, ಘಟ್ಟದವರು, ಪರಿಸರದವರು ಒಂದೇ ಮಾತು ಆಡುವುದಿಲ್ಲ, ನಮ್ಮ ತಂಡದೊಳಗೂ ಆಡುವುದಿಲ್ಲ.

ಕುಸಿದ ಸೇತುವೆಯ ಪಕ್ಕದಲ್ಲೇ ಹೆದ್ದಾರಿ ಅಗಲ ಮಾಡುವಾಗ ಕಟ್ಟಿದ ಹೊಸ ಸೇತುವೆ ಇತ್ತು. ಅದು ಬಂದಮೇಲೂ ಹಳೆಯದನ್ನು ಬಿಟ್ಟಿರಲಿಲ್ಲ, ಹೋಗುವುದಕ್ಕೆ ಒಂದು, ಬರುವುದಕ್ಕೆ ಒಂದು ಅಂತ ಹಂಚಿದ್ದರು. 40 ವರ್ಷ ದಾಟಿದ ಸೇತುವೆಯ ಮೇಲೆ ಹಗಲು ರಾತ್ರಿ ಭಾರದ ಲಾರಿಗಳು ಓಡಿದವು. ಬಿದ್ದದ್ದು ನಡುರಾತ್ರಿಯಾದ್ದರಿಂದ ಒಂದೇ ಲಾರಿ ಸಿಕ್ಕಿತು. ಬೆಳಿಗ್ಗೆ ಎಂಟೂವರೆಗೆ, ಶಾಲೆ ಮಕ್ಕಳ ಬಸ್ಸಿನ ಹೊತ್ತಿಗೆ ಬಿದ್ದಿದ್ದರೆ ಏನಾಗುತ್ತಿತ್ತೋ. ಆವತ್ತಿನಿಂದ ಎರಡೂ ಕಡೆಯ ವಾಹನಗಳು ಹೊಸ ಸೇತುವೆಯ ಮೇಲೇ ಓಡತೊಡಗಿದವು. ಬಿದ್ದ ಕಾಂಕ್ರೀಟನ್ನು ನದಿಯಿಂದ ತೆಗೆಯುವ ಕೆಲಸ ತಿಂಗಳುಗಟ್ಟಲೆ ನಡೆಯಿತು. ಅದರ ಪಕ್ಕದಲ್ಲೇ ದೋಣಿಗಳು ಬಲೆ ಹಾಕಿಕೊಂಡು ಸಮುದ್ರಕ್ಕೆ ಹೋಗಿ ಬರುತ್ತಿದ್ದವು.