ಪೆರಡಾಲದ ಮಾಷ್ಟ್ರು

ಮಕ್ಕಳನ್ನು ಶಾಲೆಗೆ ಸೇರಿಸುವ ದಿನಗಳಲ್ಲಿ ಅರ್ಜಿ ತುಂಬುವ ಕೆಲಸ ಹೆಚ್ಚಾಗಿ ನನ್ನ ಪಾಲಿಗೇ ಬರುತ್ತದೆ. ಒಂದು ವರ್ಷ ಕಾಸರಗೋಡು ಕಡೆಯ ಹುಡುಗಿಯೊಬ್ಬಳು ಅಜ್ಜಿಯ ಜೊತೆ ಬಂದಿದ್ದಳು. ಹುಟ್ಟಿದ ಊರು, ಜಿಲ್ಲೆ, ರಾಜ್ಯ ಎಂದು ನಾನು ಒಂದೊಂದಾಗಿ ಕೇಳುತ್ತಿದ್ದಾಗ ಅಜ್ಜಿ ನಕ್ಕುಬಿಟ್ಟರು. "ಟೀಚರ್, ನಾನು ಹುಟ್ಟಿದ್ದು ದಕ್ಷಿಣ ಕನ್ನಡ ಜಿಲ್ಲೆಯಲ್ಲಿ. ನನ್ನ ಮಗಳು ಹುಟ್ಟಿದ್ದು ಕಣ್ಣೂರು ಜಿಲ್ಲೆಯಲ್ಲಿ. ಇವಳು ಹುಟ್ಟಿದ್ದು ಕಾಸರಗೋಡು ಜಿಲ್ಲೆಯಲ್ಲಿ. ಮನೆ ಮಾತ್ರ ಒಂದೇ, ಬಾವಿಯೂ ಒಂದೇ!"

ಆ ಮಾತು ಕೇಳಿ ನನಗೆ ನೆನಪಾದವರು ಕಯ್ಯಾರ ಕಿಞ್ಞಣ್ಣ ರೈಗಳು. ಅವರು ಮನೆ ಬಿಟ್ಟು ಹೋಗಲಿಲ್ಲ, ಗಡಿಯೇ ಅವರನ್ನು ದಾಟಿ ಹೋಯಿತು.

ರೈಗಳು ಹುಟ್ಟಿದ್ದು 1915ರ ಜೂನ್ 8ರಂದು, ಅಂದಿನ ಮದ್ರಾಸು ಪ್ರಾಂತಕ್ಕೆ ಸೇರಿದ್ದ ಕಾಸರಗೋಡು ತಾಲೂಕಿನ ಕಯ್ಯಾರಿನಲ್ಲಿ. ಮನೆಮಾತು ತುಳು. ತುಳುವಿನಲ್ಲಿ ಕಿಞ್ಞಣ್ಣ ಎಂದರೆ ಚಿಕ್ಕಣ್ಣ. ಇನ್ನೂ ಹುಡುಗನಾಗಿದ್ದಾಗಲೇ 'ಸುಶೀಲಾ' ಎಂಬ ಕೈಬರಹದ ಪತ್ರಿಕೆ ಹೊರಡಿಸಿದರು. ನೀರ್ಚಾಲಿನಲ್ಲಿ ಸಂಸ್ಕೃತ ಓದಿದರು. ಗಾಂಧೀಜಿಯ ಪ್ರಭಾವಕ್ಕೆ ಒಳಗಾಗಿ ಖಾದಿ ತೊಟ್ಟರು. ನಮ್ಮ ಮಂಗಳೂರಿನಲ್ಲಿ 'ಸ್ವದೇಶಾಭಿಮಾನಿ'ಯಂಥ ಪತ್ರಿಕೆಗಳಿಗಾಗಿ ದುಡಿದರು. ಪೇಟೆಯಲ್ಲೇ ಉಳಿದು ದೊಡ್ಡ ಪತ್ರಕರ್ತರಾಗಬಹುದಿತ್ತು. ಆದರೆ ಅವರು ಬದಿಯಡ್ಕದ ಸಮೀಪದ ಪೆರಡಾಲಕ್ಕೆ ಹೋಗಿ ನವಜೀವನ ಹೈಸ್ಕೂಲಿನಲ್ಲಿ ಮಾಷ್ಟ್ರಾದರು, ಬೇಸಾಯಗಾರರೂ ಆದರು.

ಈ ಎರಡು ಕೆಲಸ ಒಬ್ಬರೇ ಮಾಡುವುದೆಂದರೆ ಏನೆಂದು ನಮ್ಮ ಕಡೆಯ ಹೆಂಗಸರಿಗೆ ಹೇಳಿಕೊಡಬೇಕಾಗಿಲ್ಲ. ಶಾಲೆ ತೆರೆಯುವುದೂ ಏಣೇಲು ಬೆಳೆಗೆ ಗದ್ದೆ ಹದಮಾಡುವುದೂ ಒಂದೇ ಮಳೆಯಲ್ಲಿ. ಮಕ್ಕಳ ಹಾಜರಿಯೂ ಕಾಯುವುದಿಲ್ಲ, ನೇಜಿಯೂ ಕಾಯುವುದಿಲ್ಲ. ತಮ್ಮ ಆತ್ಮಕಥೆಗೆ ರೈಗಳು 'ದುಡಿತವೇ ನನ್ನ ದೇವರು' ಎಂದು ಹೆಸರಿಟ್ಟದ್ದು ಬರಿಯ ಅಲಂಕಾರಕ್ಕಲ್ಲ. ಮಣ್ಣು ಮೆತ್ತಿದ ಕೈ ತೊಳೆದು ಸೀಮೆಸುಣ್ಣ ಹಿಡಿದವರು ಅವರು. ಅದೇ ಕೈ ಕವನ ಬರೆಯಿತು, ಮಕ್ಕಳಿಗಾಗಿ 'ನವೋದಯ ವಾಚನ ಮಾಲೆ'ಯ ಪಾಠಗಳನ್ನು ಬರೆಯಿತು, ಮಲಯಾಳಂನ ಕುಮಾರನ್ ಆಶಾನ್ ಅವರ ಕಾವ್ಯಗಳನ್ನು ಕನ್ನಡಕ್ಕೆ ತಂದಿತು. ಒಳ್ಳೆಯ ಅಧ್ಯಾಪಕರೆಂದು ರಾಷ್ಟ್ರಪ್ರಶಸ್ತಿಯೂ ಬಂತು.

ಆದರೆ ಆ ಮನೆಯ ದುಡಿತವೆಲ್ಲ ಒಬ್ಬರದೇ ಆಗಿರಲಾರದು. 'ಕವಿತಾ ಕುಟೀರ' ಎಂಬ ಆ ಮನೆಯಲ್ಲಿ ಆರು ಗಂಡು, ಎರಡು ಹೆಣ್ಣು, ಒಟ್ಟು ಎಂಟು ಮಕ್ಕಳು. ಮಾಷ್ಟ್ರು ಶಾಲೆಗೋ ಸಭೆಗೋ ಹೋದ ಮೇಲೆ ಹಟ್ಟಿ, ಗದ್ದೆ, ಆಳುಗಳ ಗಂಜಿ, ಬಂದುಹೋಗುವವರ ಊಟ ಎಲ್ಲವೂ ಇರುವಲ್ಲೇ ಇರುತ್ತದಲ್ಲ! ರೈಗಳ ಮಾತು ಬಂದಾಗಲೆಲ್ಲ ನಾನು ಅವರ ಪತ್ನಿ ಉಞ್ಞಕ್ಕನವರನ್ನೂ ಮನಸ್ಸಿನಲ್ಲೇ ನೆನೆಯುತ್ತೇನೆ. ದುಡಿತ ದೇವರಾದರೆ ಆ ದೇವರ ಪೂಜೆಯಲ್ಲಿ ಅರ್ಧ ಪಾಲು ಆಕೆಯದು.

1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾಯಿತು. ಮಂಗಳೂರು ಮೈಸೂರು ರಾಜ್ಯಕ್ಕೆ ಬಂತು, ಕಾಸರಗೋಡು ಕೇರಳಕ್ಕೆ ಹೋಯಿತು. ನಾಡು ಒಂದಾಯಿತೆಂದು ಇತ್ತ ಹಬ್ಬ, ಅತ್ತ ಸಂಕಟ. ರೈಗಳಿಗೆ ಆಗ 41 ವರ್ಷ. ಅಂದಿನಿಂದ ಅವರು ಕಾಸರಗೋಡಿನ ವಿಲೀನಕ್ಕಾಗಿ ಬರೆದರು, ಹಾಡಿದರು, ಬೀದಿಗೆ ಇಳಿದರು. 1967ರಲ್ಲಿ ಮಹಾಜನ ಆಯೋಗವು ಚಂದ್ರಗಿರಿ ಹೊಳೆಯ ಉತ್ತರದ ಭಾಗ ಮೈಸೂರಿಗೆ ಸೇರಬೇಕೆಂದು ಶಿಫಾರಸು ಮಾಡಿದಾಗ ಎಲ್ಲರಿಗೂ ಆಸೆ ಹುಟ್ಟಿತು. ಆ ಶಿಫಾರಸು ಕಾಗದದಲ್ಲೇ ಉಳಿಯಿತು. 1984ರಲ್ಲಿ ಕಾಸರಗೋಡು ಕೇರಳದ ಒಂದು ಜಿಲ್ಲೆಯೇ ಆಯಿತು.

ನಾನು ಅವರನ್ನು ಕಂಡದ್ದು 1997ರಲ್ಲಿ, ಮಂಗಳೂರಿನ 66ನೆಯ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನದಲ್ಲಿ. ಅಧ್ಯಕ್ಷರು ಅವರೇ. ನಾನಾಗ ಕೆಲಸಕ್ಕೆ ಸೇರಿದ ಹೊಸತು. ದೂರದಲ್ಲಿ ಕುಳಿತಿದ್ದ ನನಗೆ ಬಿಳಿ ಖಾದಿಯ 82ರ ಹಿರಿಯರು ಕವಿಗಿಂತ ಹೆಚ್ಚಾಗಿ ನಮ್ಮೂರಿನ ಬೇಸಾಯಗಾರರಂತೆಯೇ ಕಂಡರು. ಕೇರಳದ ಮತದಾರರೊಬ್ಬರು ಕನ್ನಡದ ಅತಿ ದೊಡ್ಡ ಪೀಠದಲ್ಲಿ ಕುಳಿತಿದ್ದಾರೆ ಎಂಬುದು ಆಗ ಹೊಳೆಯಲಿಲ್ಲ. ಮನೆಗೆ ಬಂದ ಮೇಲೆ ಹೊಳೆಯಿತು, ಮನಸ್ಸು ಭಾರವಾಯಿತು.

ನೂರು ತುಂಬಿದ ಮೇಲೆ, 2015ರ ಆಗಸ್ಟ್ 9ರ ಭಾನುವಾರ, ಆಟಿ ತಿಂಗಳಿನಲ್ಲಿ ಅವರು ತಮ್ಮ ಮನೆಯಲ್ಲೇ ತೀರಿಕೊಂಡರು. ಅದು ಕ್ವಿಟ್ ಇಂಡಿಯಾ ಚಳವಳಿಯ ನೆನಪಿನ ದಿನವೂ ಹೌದು. ಬಯಸಿದ ವಿಲೀನ ಕೈಗೂಡಲಿಲ್ಲ.

ಹಾಗಾದರೆ ಅವರು ಸೋತರೆ? ಬಹಳ ದಿನ ನಾನೂ ಹಾಗೆಯೇ ಅಂದುಕೊಂಡಿದ್ದೆ. ಗೆದ್ದವರ ಪಟ್ಟಿಯನ್ನೇ ಚರಿತ್ರೆ ಎಂದು ನಾವು ಮಕ್ಕಳಿಗೆ ಬಾಯಿಪಾಠ ಮಾಡಿಸುತ್ತೇವಲ್ಲ! ಆದರೆ ಯಾವ ರಾಜ್ಯದ ಭಾಷೆಯ ನಡುವೆ ತನ್ನ ಕನ್ನಡ ಸೊರಗುತ್ತದೆಂದು ಅಂಜಿದರೋ, ಆ ಭಾಷೆಯ ಕಾವ್ಯವನ್ನೇ ಕನ್ನಡಕ್ಕೆ ತಂದ ಮನುಷ್ಯ ಅವರು. ಜಗಳ ಅಧಿಕಾರದೊಡನೆ, ನೆರೆಮನೆಯವರೊಡನೆ ಅಲ್ಲ. ಮೇಲಿನವರು ನ್ಯಾಯ ಮಾಡುವ ತನಕ ಕೆಳಗಿನ ಮಕ್ಕಳು ಕಾಯಬಾರದೆಂದು ದಿನವೂ ತರಗತಿಗೆ ಹೋದರು.

ಅಂದು ಅರ್ಜಿಯಲ್ಲಿ ರಾಜ್ಯ ಎಂಬಲ್ಲಿ ಕೇರಳ ಎಂದೇ ಬರೆದೆ. ಇರುವುದೇ ಅದು. ಕೊನೆಗೆ ಸಹಿ ಹಾಕು ಎಂದಾಗ ಹುಡುಗಿ ತನ್ನ ಹೆಸರನ್ನು ಕನ್ನಡದಲ್ಲಿ ದುಂಡಗೆ ಬರೆದಳು. ಒಂದು ಒತ್ತಕ್ಷರವೂ ತಪ್ಪಿರಲಿಲ್ಲ. ಗಡಿಯಾಚೆ ಯಾರೋ ಒಬ್ಬ ಮಾಷ್ಟ್ರೋ ಟೀಚರೋ ಕೈ ಹಿಡಿದು ತಿದ್ದಿಸಿದ ಅಕ್ಷರ ಅದು.